ಶಾಲೆ ಗಟ್ಟಿಯಾಗಿದೆ ಎಂದು ಹೇಳುವವರು ಯಾರು?



ಕೇರಳದ ಶಾಲೆಗಳಿಗೆ ಮೇ ತಿಂಗಳೆಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ತಿಂಗಳು. ಜೂನ್ ಮೊದಲ ವಾರದಲ್ಲಿ ಮಕ್ಕಳು ಬಂದು ಕೂರುವ ಮೊದಲೇ ಕಟ್ಟಡ ಗಟ್ಟಿಯಾಗಿದೆ ಎಂದು ಸ್ಥಳೀಯಾಡಳಿತದ ಎಂಜಿನಿಯರರಿಂದ ಬರೆಸಿಕೊಳ್ಳಬೇಕು. ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಹಲವು ಹಳೆಯವು. ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ರೀಪು, ಮೇಲೆ ಮಂಗಳೂರು ಹೆಂಚು. ನಮ್ಮ ಅಜ್ಜಂದಿರ ಕಾಲದವರು ಊರವರಿಂದ ಮರ, ಕಲ್ಲು, ದುಡಿಮೆ ಎಲ್ಲವನ್ನೂ ಕೂಡಿಸಿ ಕಟ್ಟಿಸಿದ ಮನೆಗಳಂಥ ಶಾಲೆಗಳಿವು. ಇಂಥ ಶಾಲೆಗೆ ಸರ್ಟಿಫಿಕೇಟು ಸಿಗದಿದ್ದರೆ ಏನಾಗುತ್ತದೆ ಎಂಬುದು ಗಡಿನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಪಕ್ಕದ ಮಲಯಾಳ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುತ್ತಾರೆ. ಹೋದವರು ಮತ್ತೆ ಕನ್ನಡಕ್ಕೆ ಬರುವುದು ಕಡಿಮೆ. ಹಾಗಾಗಿ ಮೇ ತಿಂಗಳ ಕೊನೆಗೆ ಊರಿನವರು ಹೆಡ್ಮಾಷ್ಟ್ರನ್ನು ಕೇಳುವ ಪ್ರಶ್ನೆ ಒಂದೇ: "ಸಹಿ ಆಯಿತಾ?" ಬಂದವರು ಏನನ್ನು ನೋಡಿದರು, ಅದನ್ನು ನೋಡಲು ಅವರು ಏನನ್ನು ಕಲಿತಿದ್ದರು ಎಂದು ಯಾರೂ ಕೇಳುವುದಿಲ್ಲ.

ಆ ಎರಡನೆಯ ಪ್ರಶ್ನೆಗೂ ಒಂದು ಇತಿಹಾಸವಿದೆ. ಕಟ್ಟಡ ಕಟ್ಟುವವನಿಗೆ ಪದವಿ ಬೇಕು ಎಂದು ಜನ ಒಪ್ಪಿಕೊಂಡದ್ದು ತುಸು ಬೇಗ. ಕಟ್ಟಿದ್ದನ್ನು ನೋಡುವವನಿಗೂ ಬೇರೆಯದೇ ಆದ ಓದು, ಪರೀಕ್ಷೆ, ಪರವಾನಗಿ ಬೇಕು ಎಂದು ಒಪ್ಪಿಕೊಳ್ಳಲು ಮಾತ್ರ ಬಹಳ ಸಾವುಗಳು ಬೇಕಾದವು. ಈ ಇತಿಹಾಸದ ದೊಡ್ಡ ಅಧ್ಯಾಯವೊಂದು ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅದೂ ಶಾಲೆಗಳ ಕಾರಣದಿಂದ. ನಾವು ಮೇಷ್ಟ್ರುಗಳು ತಿಳಿದಿರಬೇಕಾದ ಕಥೆ ಅದು.

ಕಥೆ ಒಂದು ಅಣೆಕಟ್ಟಿನಿಂದ ಶುರುವಾಗುತ್ತದೆ. ಲಾಸ್ ಏಂಜಲೀಸ್ ನಗರಕ್ಕೆ ನೀರು ತಂದ ವಿಲಿಯಂ ಮುಲ್‌ಹಾಲೆಂಡ್ ಐರ್ಲೆಂಡಿನಿಂದ ಬಂದ ಬಡವ. ಕಾಲುವೆಯ ಕಸ ತೆಗೆಯುವ ಕೆಲಸಕ್ಕೆ ಸೇರಿ, ಪುಸ್ತಕಗಳನ್ನು ತಾನೇ ಓದಿಕೊಂಡು ನಗರದ ನೀರು ಸರಬರಾಜಿನ ಮುಖ್ಯ ಎಂಜಿನಿಯರ್ ಆದವನು. 1913ರಲ್ಲಿ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ ನೀರು ತಂದು ನಗರಕ್ಕೆ ಸುರಿದಾಗ ಅವನು ಆ ಊರಿನ ಭಗೀರಥನೇ ಆಗಿಬಿಟ್ಟ. ಅಂಥವನ ಮಾತಿಗೆ ಎದುರಾಡುವವರು ಯಾರು? 1924ರಿಂದ 1926ರವರೆಗೆ ಸೇಂಟ್ ಫ್ರಾನ್ಸಿಸ್ ಎಂಬ ಅಣೆಕಟ್ಟು ಕಟ್ಟಿದ. ಕಟ್ಟುತ್ತಿರುವಾಗಲೇ ಎತ್ತರವನ್ನು ಹೆಚ್ಚಿಸಿದ, ಬುಡದ ಅಗಲವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಲಿಲ್ಲ. ನಗರಸಭೆಯ ಅಣೆಕಟ್ಟುಗಳನ್ನು ರಾಜ್ಯದ ಅಧಿಕಾರಿಗಳು ಪರೀಕ್ಷಿಸಬೇಕೆಂಬ ನಿಯಮ ಆಗ ಇರಲಿಲ್ಲ.

1928ರ ಮಾರ್ಚ್ 12ರ ಬೆಳಿಗ್ಗೆ ಕಟ್ಟೆಯ ಕಾವಲುಗಾರ ಕೆಸರು ನೀರು ಜಿನುಗುವುದನ್ನು ಕಂಡು ಕರೆ ಮಾಡಿದ. ಮುಲ್‌ಹಾಲೆಂಡ್ ತಾನೇ ಬಂದು ನೋಡಿದ. ಹೆದರಬೇಕಾದ್ದೇನೂ ಇಲ್ಲ ಎಂದು ಹೇಳಿ ಹೋದ. ಅದೇ ರಾತ್ರಿ ಹನ್ನೆರಡಕ್ಕೆ ಮೂರು ನಿಮಿಷ ಇರುವಾಗ ಕಟ್ಟೆ ಒಡೆಯಿತು. ಕಣಿವೆಯ ಕೆಳಗೆ ಮಲಗಿದ್ದ ನಾನೂರಕ್ಕೂ ಹೆಚ್ಚು ಜನ ಕೊಚ್ಚಿಕೊಂಡು ಹೋದರು, ಆ ಕಾವಲುಗಾರನ ಸಂಸಾರವೂ ಸೇರಿ.

ಕಟ್ಟಿದವನೂ ಅವನೇ, ನೋಡಿದವನೂ ಅವನೇ, ಸರಿಯಿದೆ ಎಂದವನೂ ಅವನೇ. ವಿಚಾರಣೆ ನಡೆಸಿದವರು ಅವನನ್ನು ಅಪರಾಧಿ ಎನ್ನಲಿಲ್ಲ. ಆದರೆ ಎಷ್ಟೇ ದೊಡ್ಡವನಾದರೂ ಇಂಥ ಕಟ್ಟೋಣವನ್ನು ಒಬ್ಬ ಮನುಷ್ಯನ ತೀರ್ಮಾನಕ್ಕೆ ಬಿಡಬಾರದಿತ್ತು ಎಂದರು. ಸತ್ತವರನ್ನು ಕಂಡರೆ ತನಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ಆ ಮುದುಕ ವಿಚಾರಣೆಯಲ್ಲಿ ಹೇಳಿದನಂತೆ. ಮರುವರ್ಷ, 1929ರಲ್ಲಿ, ಕ್ಯಾಲಿಫೋರ್ನಿಯಾ ಎರಡು ಕೆಲಸ ಮಾಡಿತು. ಅಣೆಕಟ್ಟುಗಳ ತಪಾಸಣೆಯನ್ನು ರಾಜ್ಯದ ಕೈಗೆ ತೆಗೆದುಕೊಂಡಿತು. ಸಿವಿಲ್ ಎಂಜಿನಿಯರ್ ಎಂದು ಕರೆದುಕೊಳ್ಳಬೇಕಾದರೆ ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕು ಎಂದಿತು.

ಶಾಲೆಗಳ ಸರದಿ ಬಂದದ್ದು ನಾಲ್ಕು ವರ್ಷದ ನಂತರ. 1933ರ ಮಾರ್ಚ್ 10, ಶುಕ್ರವಾರ, ಸಂಜೆ 5 ಗಂಟೆ 54 ನಿಮಿಷ. ಲಾಂಗ್ ಬೀಚ್ ಎಂಬ ಊರಿನ ಸುತ್ತ 6.4 ತೀವ್ರತೆಯ ಭೂಕಂಪ. ಸುಮಾರು ನೂರಿಪ್ಪತ್ತು ಜನ ಸತ್ತರು. 70 ಶಾಲೆಗಳು ನೆಲಸಮ, 120 ಶಾಲೆಗಳಿಗೆ ದೊಡ್ಡ ಪೆಟ್ಟು. ಶಾಲೆ ಬಿಟ್ಟು ಮಕ್ಕಳು ಮನೆ ಸೇರಿದ್ದರು! ಅದೇ ನೆಲ ಮಧ್ಯಾಹ್ನ ಎರಡು ಗಂಟೆಗೆ ನಡುಗಿದ್ದರೆ ಎಂದು ಊಹಿಸಿದ ತಾಯಂದಿರು ಸುಮ್ಮನೆ ಕೂರಲಿಲ್ಲ.

ಬಿದ್ದ ಶಾಲೆಗಳನ್ನು ಎಂಜಿನಿಯರುಗಳು ಹೋಗಿ ನೋಡಿದಾಗ ಕಂಡದ್ದು ನಮಗೂ ಅಪರಿಚಿತವಲ್ಲ. ಇಟ್ಟಿಗೆಯ ಗೋಡೆಗೂ ಮಾಡಿಗೂ ಸಂಬಂಧವಿಲ್ಲ, ಒಂದರ ಮೇಲೆ ಒಂದು ಕೂತಿತ್ತು ಅಷ್ಟೇ. ಗಾರೆ ಎಷ್ಟು ದುರ್ಬಲವೆಂದರೆ ಕೈಯಲ್ಲಿ ಉಜ್ಜಿದರೆ ಉದುರುತ್ತಿತ್ತು. ಬಾಗಿಲ ಮೇಲೆ ಅಂದಕ್ಕಾಗಿ ಕಟ್ಟಿದ್ದ ಭಾರವಾದ ಕೆತ್ತನೆಗಳು, ಕೈಪಿಡಿ ಗೋಡೆಗಳು ಮಕ್ಕಳು ಓಡಿ ಹೊರಬರುವ ಜಾಗದಲ್ಲೇ ಬಿದ್ದಿದ್ದವು. ನಕ್ಷೆಯಲ್ಲಿ ಒಂದಿತ್ತು, ಗೋಡೆಯಲ್ಲಿ ಇನ್ನೊಂದಿತ್ತು. ನಡುವೆ ನಿಂತು ನೋಡಿದವರು ಯಾರೂ ಇರಲಿಲ್ಲ.

ಒಂದೇ ತಿಂಗಳಲ್ಲಿ, ಏಪ್ರಿಲ್ 10ರಂದು, ಡಾನ್ ಫೀಲ್ಡ್ ಎಂಬ ಶಾಸಕ ತಂದ ಮಸೂದೆ ಕಾಯ್ದೆಯಾಯಿತು. ಇಂದಿಗೂ ಅದನ್ನು ಫೀಲ್ಡ್ ಕಾಯ್ದೆ ಎನ್ನುತ್ತಾರೆ. ಸರಕಾರಿ ಶಾಲೆಯ ನಕ್ಷೆಯನ್ನು ಪರವಾನಗಿ ಪಡೆದ ಆರ್ಕಿಟೆಕ್ಟ್ ಅಥವಾ ಎಂಜಿನಿಯರೇ ಮಾಡಬೇಕು, ರಾಜ್ಯದ ಕಚೇರಿ ಅದನ್ನು ಪರಿಶೀಲಿಸಬೇಕು ಎಂಬುದು ಅದರ ಒಂದು ಭಾಗ. ನಮಗೆ ಮುಖ್ಯವಾದದ್ದು ಇನ್ನೊಂದು ಭಾಗ. ಕಟ್ಟುವ ಜಾಗದಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಕೆಲಸ ಮುಗಿಯುವವರೆಗೂ ಇರಬೇಕು. ಅವನ ಸಂಬಳ ಕೊಡುವುದು ಶಾಲಾ ಮಂಡಳಿ, ಗುತ್ತಿಗೆದಾರನಲ್ಲ. ಅವನು ಆ ಕೆಲಸಕ್ಕೆ ಯೋಗ್ಯನೇ ಎಂದು ತೀರ್ಮಾನಿಸುವುದು ಮಂಡಳಿಯೂ ಅಲ್ಲ, ರಾಜ್ಯದ ಕಚೇರಿ. ಸಂಬಳ ಒಂದು ಕಡೆ, ಒಪ್ಪಿಗೆ ಇನ್ನೊಂದು ಕಡೆ. ಇದರಲ್ಲಿ ಎಷ್ಟು ಲೋಕಜ್ಞಾನವಿದೆ ನೋಡಿ.

ಕೊನೆಗೆ ಆರ್ಕಿಟೆಕ್ಟ್, ಎಂಜಿನಿಯರ್, ಇನ್‌ಸ್ಪೆಕ್ಟರ್, ಗುತ್ತಿಗೆದಾರ ಎಲ್ಲರೂ ಬೇರೆ ಬೇರೆಯಾಗಿ ಪ್ರಮಾಣ ಮಾಡಿ ವರದಿ ಕೊಡಬೇಕು: ಒಪ್ಪಿಗೆಯಾದ ನಕ್ಷೆಯಂತೆಯೇ ಕಟ್ಟಲಾಗಿದೆ, ಇದು ನನ್ನ ಸ್ವಂತ ತಿಳಿವಳಿಕೆ ಎಂದು. "ಸ್ವಂತ ತಿಳಿವಳಿಕೆ" ಎಂದರೇನು ಎಂಬುದನ್ನೂ ಆ ಕಾನೂನು ಬಿಡಿಸಿ ಹೇಳುತ್ತದೆ. ಆರ್ಕಿಟೆಕ್ಟನಿಗೆ ಆಗಾಗ ಬಂದು ನೋಡಿದ್ದು, ಇತರರ ವರದಿಯಿಂದ ತಿಳಿದದ್ದು ಸಾಕು. ಇನ್‌ಸ್ಪೆಕ್ಟರನಿಗೆ ಅದು ಸಾಲದು. ಅವನು ತಾನೇ ನಿಂತು, ಎಡೆಬಿಡದೆ ನೋಡಿ ತಿಳಿದದ್ದು ಮಾತ್ರ ತಿಳಿವಳಿಕೆ. ಗೊತ್ತಿದ್ದೂ ಸುಳ್ಳು ವರದಿ ಕೊಟ್ಟರೆ ದೊಡ್ಡ ಅಪರಾಧ. (ಪಾಠ ಮಾಡದೆ ಪಾಠ ಟಿಪ್ಪಣಿ ಬರೆಯುವ ನಮ್ಮಂಥ ಮೇಷ್ಟ್ರುಗಳಿಗೂ ಇಂಥದೊಂದು ಕಾನೂನು ಬಂದರೆ ಕಷ್ಟವೇ!)

ಯೋಗ್ಯ ಯಾರು ಎಂಬುದು ಮುಂದೆ ಪರೀಕ್ಷೆಯಾಗಿ ಬೆಳೆಯಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಇನ್‌ಸ್ಪೆಕ್ಟರ್ ಆಗಬೇಕಾದವನಿಗೆ ಮೊದಲು ಕಟ್ಟಡದ ಕೆಲಸದ ಅನುಭವವಿರಬೇಕು. ಆಮೇಲೆ ರಾಜ್ಯ ಆರ್ಕಿಟೆಕ್ಟರ ಕಚೇರಿ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಕ್ಷೆ ಓದಲು ಬರಬೇಕು, ನಿಯಮಾವಳಿ ತಿಳಿದಿರಬೇಕು, ಕಾಂಕ್ರೀಟು, ಕಬ್ಬಿಣ, ಬೆಂಕಿ, ಗಾಲಿಕುರ್ಚಿಯ ದಾರಿ ಎಲ್ಲವೂ ಗೊತ್ತಿರಬೇಕು. ನಾಲ್ಕು ದರ್ಜೆಗಳಿವೆ. ಒಂದನೆಯ ದರ್ಜೆಯವನು ಯಾವ ಶಾಲೆಯನ್ನು ಬೇಕಾದರೂ ನೋಡಬಹುದು. ಕೆಳಗಿನ ದರ್ಜೆಯವರಿಗೆ ಚಿಕ್ಕ, ಸರಳ ಕೆಲಸಗಳು ಮಾತ್ರ. ಒಮ್ಮೆ ತೇರ್ಗಡೆಯಾದರೆ ಜೀವಮಾನಕ್ಕೆ ಸಾಕು ಎಂದೂ ಇಲ್ಲ. ಅವಧಿ ಮುಗಿದಾಗ ಮತ್ತೆ ಕೂರಬೇಕು.

ಎಲ್ಲ ಬಲ್ಲವನು ಯಾರೂ ಇಲ್ಲ. ಆದ್ದರಿಂದ ಈ ಇನ್‌ಸ್ಪೆಕ್ಟರನ ಜೊತೆಗೆ ಒಂದೊಂದೇ ಕೆಲಸವನ್ನು ನೋಡುವ ವಿಶೇಷ ಇನ್‌ಸ್ಪೆಕ್ಟರರು ಬಂದರು. ಕಲ್ಲು ಇಟ್ಟಿಗೆಯ ಕಟ್ಟೋಣಕ್ಕೆ ಒಬ್ಬ, ಕಾಂಕ್ರೀಟಿಗೆ ಒಬ್ಬ, ಬೆಸುಗೆಗೆ ಒಬ್ಬ. ಬೆಸುಗೆಯದನ್ನೇ ತೆಗೆದುಕೊಳ್ಳಿ. ಅಮೆರಿಕದ ವೆಲ್ಡಿಂಗ್ ಸೊಸೈಟಿ 1976ರಿಂದ ಬೆಸುಗೆ ಇನ್‌ಸ್ಪೆಕ್ಟರರಿಗೆ ಪರೀಕ್ಷೆ ನಡೆಸುತ್ತಿದೆ. ಮೂರು ಭಾಗ: ಮೂಲ ಪಾಠ ಒಂದು, ನಿಯಮದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಉತ್ತರ ಹುಡುಕುವುದು ಒಂದು, ಬೆಸುಗೆಯ ಮಾದರಿಗಳನ್ನು ಕೈಯಲ್ಲಿ ಹಿಡಿದು ಅಳೆದು ದೋಷ ಗುರುತಿಸುವುದು ಒಂದು. ಇದರ ಜೊತೆಗೆ ಕಣ್ಣಿನ ಪರೀಕ್ಷೆ ಬೇರೆ. ಹನ್ನೆರಡು ಅಂಗುಲ ದೂರದಲ್ಲಿ ಹಿಡಿದ ಸಣ್ಣ ಅಕ್ಷರಗಳನ್ನು ಓದಿ ತೋರಿಸಬೇಕು, ಕನ್ನಡಕ ಹಾಕಿಕೊಂಡರೆ ಅಡ್ಡಿಯಿಲ್ಲ. ನೋಡುವ ಕೆಲಸಕ್ಕೆ ಬರುವವನ ಕಣ್ಣನ್ನು ಮೊದಲು ನೋಡಬೇಕು ಎಂಬ ಈ ಸರಳ ವಿವೇಕ ನಮಗೆ ಬಹಳ ಹಿಡಿಸಿತು.

ಫಲವೇನು? 1933ರ ನಂತರ ಈ ಕಾಯ್ದೆಯಂತೆ ಕಟ್ಟಿದ ಯಾವ ಶಾಲೆಯೂ ಕ್ಯಾಲಿಫೋರ್ನಿಯಾದ ಭೂಕಂಪಗಳಲ್ಲಿ ಕುಸಿದು ಮಕ್ಕಳನ್ನು ಕೊಂದಿಲ್ಲ. 1952ರಲ್ಲಿ ಕರ್ನ್ ಕೌಂಟಿ, 1971ರಲ್ಲಿ ಸ್ಯಾನ್ ಫರ್ನಾಂಡೊ, 1994ರಲ್ಲಿ ನಾರ್ತ್‌ರಿಜ್ ಭೂಕಂಪಗಳು ಆಗಿಹೋದವು. ಹಳೆಯ ಶಾಲೆಗಳ ಗೋಡೆ ಒಡೆದ ಕಡೆಯೂ ಹೊಸವು ನಿಂತವು. ಈ ಯಶಸ್ಸೆಲ್ಲ ಇನ್‌ಸ್ಪೆಕ್ಟರನೊಬ್ಬನದೇ ಎಂದು ನಾವು ಹೇಳುತ್ತಿಲ್ಲ. ನಕ್ಷೆಯ ನಿಯಮಗಳೂ ಬಿಗಿಯಾದವು. ಆದರೆ ನಕ್ಷೆ ಗೋಡೆಯಾಗುವಾಗ ಪಕ್ಕದಲ್ಲಿ ನಿಂತವನು ಅವನು.

ಇಂಗ್ಲೆಂಡಿನ ದಾರಿ ಬೇರೆ, ಉದ್ದವೂ ಹೌದು. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಹೊಸ ಮನೆಗಳು ನಿಯಮದಂತೆ ಏಳುತ್ತಿವೆಯೇ ಎಂದು ನೋಡಲು ಸರ್ವೇಯರುಗಳನ್ನು ನೇಮಿಸಿದರು. ಅವರಲ್ಲೊಬ್ಬ ರಾಬರ್ಟ್ ಹುಕ್. ಹೌದು, ನಮ್ಮ ಎಂಟು ಒಂಬತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ಬೆಂಡಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಜೀವಕೋಶ ಕಂಡವನೇ! ಆದರೆ ಈ ಸರ್ವೇಯರನಿಗೆ ಪರೀಕ್ಷೆ ಬರೆಯಬೇಕು ಎಂಬ ನಿಯಮ ಗಟ್ಟಿಯಾಗಿ ನೆಲೆಯೂರಿದ್ದು ಸುಮಾರು ಇನ್ನೂರು ವರ್ಷದ ಮೇಲೆ. 1855ರ ಲಂಡನ್ ಕಟ್ಟಡ ಕಾಯ್ದೆ ಜಿಲ್ಲಾ ಸರ್ವೇಯರುಗಳ ಯೋಗ್ಯತೆ ಪರೀಕ್ಷಿಸುವ ಹೊಣೆಯನ್ನು ಅಲ್ಲಿನ ಆರ್ಕಿಟೆಕ್ಟರ ಸಂಸ್ಥೆಗೆ ವಹಿಸಿತು.

ಅಷ್ಟು ಹಳೆಯ ಪರಂಪರೆಯಿದ್ದೂ ಅವರು ಒಂದು ಹೆಜ್ಜೆ ಹಿಂದಿಟ್ಟರು ಎಂಬುದು ನಮ್ಮ ಅಭಿಪ್ರಾಯ. 1984ರ ಕಾಯ್ದೆ ಖಾಸಗಿ ಇನ್‌ಸ್ಪೆಕ್ಟರರಿಗೂ ಬಾಗಿಲು ತೆರೆಯಿತು. ಕಟ್ಟಿಸುವವರು ತಮ್ಮ ತಪಾಸಣೆ ಮಾಡುವವರನ್ನು ತಾವೇ ಆರಿಸಿಕೊಳ್ಳಬಹುದಾಯಿತು. ಪೌರಾಡಳಿತದ ಇನ್‌ಸ್ಪೆಕ್ಟರರೂ ಗಿರಾಕಿ ಉಳಿಸಿಕೊಳ್ಳಲು ಪೈಪೋಟಿಗೆ ಇಳಿಯಬೇಕಾಯಿತು. ಉತ್ತರ ಪತ್ರಿಕೆ ತಿದ್ದುವವರನ್ನು ಪರೀಕ್ಷೆ ಬರೆದವನೇ ಆರಿಸಿದಂತೆ. 2017ರ ಜೂನ್ 14ರ ರಾತ್ರಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರ ಹೊತ್ತಿ ಉರಿದು 72 ಜನ ಸತ್ತರು. ಹೊರಗೋಡೆಗೆ ಹೊಸದಾಗಿ ಹೊದಿಸಿದ್ದ ಹಾಳೆಗಳೇ ಬೆಂಕಿಯನ್ನು ಮೇಲಕ್ಕೆ ಕೊಂಡೊಯ್ದಿದ್ದವು. ಆ ಹೊದಿಕೆಯ ಕೆಲಸವನ್ನು ನೋಡಿ ಪೂರ್ಣಗೊಂಡಿದೆ ಎಂದು ಪತ್ರ ಕೊಟ್ಟದ್ದು ಸ್ಥಳೀಯ ಆಡಳಿತದ ಕಟ್ಟಡ ವಿಭಾಗ. ಅಲ್ಲಿನ ಅಧಿಕಾರಿಯ ತಲೆಯ ಮೇಲೆ ಏಕಕಾಲಕ್ಕೆ ನೂರಕ್ಕೂ ಹೆಚ್ಚು ಕಟ್ಟಡಗಳ ಹೊರೆಯಿತ್ತು ಎಂದು ವಿಚಾರಣೆಯಲ್ಲಿ ಹೊರಬಂತು.

2022ರಲ್ಲಿ ಬಂದ ಕಟ್ಟಡ ಸುರಕ್ಷತಾ ಕಾಯ್ದೆಯ ಪ್ರಕಾರ 2024ರಿಂದ ಇಂಗ್ಲೆಂಡಿನಲ್ಲಿ ನೋಂದಾಯಿಸಿಕೊಳ್ಳದೆ ಕಟ್ಟಡ ಇನ್‌ಸ್ಪೆಕ್ಟರ್ ಕೆಲಸ ಮಾಡುವಂತಿಲ್ಲ. ಇಪ್ಪತ್ತು ಮೂವತ್ತು ವರ್ಷ ಸರ್ವಿಸಾದವರೂ ಮತ್ತೆ ತಮ್ಮ ಯೋಗ್ಯತೆ ತೋರಿಸಬೇಕಾಯಿತು. ಗೊಣಗಿದವರಿದ್ದರು, ಕೆಲಸ ಬಿಟ್ಟವರೂ ಇದ್ದರು. ಅಲ್ಲೂ ನಾಲ್ಕು ದರ್ಜೆ, ಆದರೆ ಎಣಿಕೆ ತಲೆಕೆಳಗು. ಕ್ಯಾಲಿಫೋರ್ನಿಯಾದ ಒಂದನೆಯ ದರ್ಜೆ ಎಲ್ಲಕ್ಕಿಂತ ಮೇಲು, ಇಂಗ್ಲೆಂಡಿನ ಒಂದನೆಯ ದರ್ಜೆ ಇನ್ನೂ ಕಲಿಯುತ್ತಿರುವವನದು. ಎರಡನೆಯದು ಸ್ವತಂತ್ರವಾಗಿ ನೋಡಬಲ್ಲವನದು, ಮೂರನೆಯದು ವಿಶೇಷ ಪರಿಣತನದು, ನಾಲ್ಕನೆಯದು ವಿಭಾಗ ನಡೆಸುವವನದು. ಎರಡನೆಯ ದರ್ಜೆಯವನಿಗೂ ಯಾವ ಬಗೆಯ ಕಟ್ಟಡ ಎಂದು ಗೆರೆ ಹಾಕಿಕೊಡುತ್ತಾರೆ. ಸಾಮಾನ್ಯ ಮನೆ ನೋಡಬಲ್ಲವನು ಎತ್ತರದ ವಸತಿ ಗೋಪುರಕ್ಕೆ ಕೈ ಹಾಕುವಂತಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಒಂದು ಸೋಜಿಗವಿದೆ. ವಿಶೇಷ ಇನ್‌ಸ್ಪೆಕ್ಟರ್ ಎಂಬುದು ಭಾರತಕ್ಕೆ ಹೊಸದೇನಲ್ಲ. 1923ರ ಬಾಯ್ಲರ್ ಕಾಯ್ದೆಯ ಕಾಲದಿಂದಲೂ ಸೊಲ್ಲಾಪುರದ ಗಿರಣಿಯಾಗಲಿ ಮಂಗಳೂರಿನ ಕಾರ್ಖಾನೆಯಾಗಲಿ, ಬಾಯ್ಲರ್ ಇನ್‌ಸ್ಪೆಕ್ಟರ್ ನೋಡಿ ಸರ್ಟಿಫಿಕೇಟು ಕೊಡದೆ ಬಾಯ್ಲರು ಉರಿಸುವಂತಿರಲಿಲ್ಲ. ಬಾಯ್ಲರಿಗೆ ಬೆಸುಗೆ ಹಾಕುವವನಿಗೂ ಪರೀಕ್ಷೆಯಿದೆ. 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸದು ಬಂತು, ತಪಾಸಣೆ ಹಾಗೇ ಉಳಿಯಿತು. ವಿದ್ಯುತ್ತಿಗೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಇದೆ. ಕೇರಳದಲ್ಲಿ ಲಿಫ್ಟಿಗೂ 2013ರ ಕಾಯ್ದೆಯಿದೆ. ಆದರೆ ಮಕ್ಕಳ ತಲೆಯ ಮೇಲಿನ ಮಾಡಿಗೆ? ರಸ್ತೆ, ಚರಂಡಿ, ಕಿರುಸೇತುವೆ, ಪಂಚಾಯತಿನ ಬಿಲ್ಲುಗಳ ನಡುವೆ ಬಿಡುವು ಮಾಡಿಕೊಂಡು ಬರುವ ಎಂಜಿನಿಯರು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಒಂದೇ ಮೇ ತಿಂಗಳಲ್ಲಿ ಪಂಚಾಯತಿನ ಅಷ್ಟೂ ಶಾಲೆಗಳನ್ನು ನೋಡಬೇಕಾದವರು ಗೆದ್ದಲು ತಿಂದ ಪಕ್ಕಾಸಿನ ಒಳಗೆ ಇಣುಕಲು ಏಣಿ ಹತ್ತುವುದು ಯಾವಾಗ? ಮುರಕಲ್ಲಿನ ಗೋಡೆ ಮಳೆನೀರು ಕುಡಿದಾಗ ಹೇಗೆ ಮೆತ್ತಗಾಗುತ್ತದೆ ಎಂಬುದು ಹಳೆಯ ಮೇಸ್ತ್ರಿಗಳಿಗೆ ಗೊತ್ತು. ಅವರ ಕೈಗೆ ಸಹಿ ಹಾಕುವ ಅಧಿಕಾರವಿಲ್ಲ.

ನಮ್ಮ ನೆರೆಯ ತಮಿಳುನಾಡಿನಲ್ಲಿ ಸಾರ್ವಜನಿಕ ಕಟ್ಟಡಗಳ ಪರವಾನಗಿಗೆ 1965ರಲ್ಲೇ ಕಾಯ್ದೆಯಾಗಿತ್ತು. ಹೊಸೂರು, ತಾಳವಾಡಿಯ ನಮ್ಮ ಕನ್ನಡ ಶಾಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಕಟ್ಟಡ ಗಟ್ಟಿಯಾಗಿದೆ ಎಂಬ ಪತ್ರ, ತಹಶೀಲ್ದಾರರ ಲೈಸೆನ್ಸು, ಎಲ್ಲವೂ ಕಾಗದದಲ್ಲಿ ಇದ್ದವು. ಆದರೂ 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆ ಮನೆಯ ಕಿಡಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸುಟ್ಟುಹೋದರು. 2014ರಲ್ಲಿ ತಂಜಾವೂರಿನ ನ್ಯಾಯಾಲಯ ಹತ್ತು ಮಂದಿಗೆ ಶಿಕ್ಷೆ ವಿಧಿಸಿತು, ಹನ್ನೊಂದು ಮಂದಿಯನ್ನು ಬಿಟ್ಟಿತು. 2017ರಲ್ಲಿ ಹೈಕೋರ್ಟು ಮತ್ತೆ ಹಲವರ ಶಿಕ್ಷೆಯನ್ನು ಇಳಿಸಿತು ಇಲ್ಲವೇ ರದ್ದು ಮಾಡಿತು. ಕುಂಭಕೋಣದ ಬೆಂಕಿಯ ಬೆನ್ನಿಗೆ ಸುಪ್ರೀಂ ಕೋರ್ಟಿಗೆ ಹೋದ ಅವಿನಾಶ್ ಮೆಹ್ರೋತ್ರಾ ಅರ್ಜಿಯಲ್ಲಿ 2009ರಲ್ಲಿ ತೀರ್ಪು ಬಂತು. ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತ ಶಾಲೆಯಲ್ಲಿ ಓದುವ ಹಕ್ಕೂ ಹೌದು, ಶಾಲೆಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಪಾಲಿಸಬೇಕು ಎಂದಿತು ನ್ಯಾಯಾಲಯ.

ಆ ಸಂಹಿತೆ ಮೊದಲು ಬಂದದ್ದು 1970ರಲ್ಲಿ, ಆಮೇಲೆ 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. ಎಂಜಿನಿಯರ್ ಯಾರು, ಸ್ಟ್ರಕ್ಚರಲ್ ಎಂಜಿನಿಯರ್ ಯಾರು, ಅವರಿಗೆ ಯಾವ ಪದವಿ, ಎಷ್ಟು ವರ್ಷದ ಅನುಭವ ಎಂಬುದೆಲ್ಲ ಅದರಲ್ಲಿದೆ. ಪರೀಕ್ಷೆ ಮಾತ್ರ ಇಲ್ಲ. ಸಂಹಿತೆ ತಾನಾಗಿಯೇ ಕಾನೂನೂ ಅಲ್ಲ. ರಾಜ್ಯಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡಷ್ಟೇ ಜಾರಿ. ಆರ್ಕಿಟೆಕ್ಟರಿಗೆ 1972ರಿಂದ ಕೇಂದ್ರ ಕಾಯ್ದೆಯಿದೆ, ಪರಿಷತ್ತಿದೆ, ನೋಂದಣಿಯಿದೆ. ಸಿವಿಲ್ ಎಂಜಿನಿಯರಿಗೆ ಅಂಥ ಕಾಯ್ದೆ ಬೇಕೆಂಬ ಕರಡುಗಳು ಬಂದವು, ಹೋದವು.

2025ರ ಜುಲೈ ತಿಂಗಳೊಂದನ್ನೇ ನೋಡಿ. 17ರಂದು ಕೊಲ್ಲಂ ಜಿಲ್ಲೆಯ ತೇವಲಕ್ಕರದಲ್ಲಿ ಶೆಡ್ಡಿನ ಮಾಡಿನ ಮೇಲೆ ಬಿದ್ದ ಚಪ್ಪಲಿ ತೆಗೆಯಲು ಹತ್ತಿದ ಹುಡುಗ, ಅದರ ಮೇಲೆ ಹಾದುಹೋಗಿದ್ದ ವಿದ್ಯುತ್ ತಂತಿ ತಗುಲಿ ಸತ್ತ. 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರಕಾರಿ ಶಾಲೆಯ ಮಾಡು ಬಿದ್ದು ಏಳು ಮಕ್ಕಳು ಸತ್ತರು. ಎರಡೂ ಶಾಲೆಗಳೇ, ಆದರೆ ಎರಡು ಬೇರೆ ಬೇರೆ ಕಣ್ಣುಗಳು ಬೇಕಾಗಿದ್ದವು. ತಂತಿಯನ್ನು ಕಾಣುವ ಕಣ್ಣು ಒಂದು, ಮಾಡಿನ ಒಳಗಿನ ಬಿರುಕನ್ನು ಕಾಣುವ ಕಣ್ಣು ಇನ್ನೊಂದು. ಆಮೇಲೆ ಎಲ್ಲ ರಾಜ್ಯಗಳಿಗೂ ಶಾಲೆಗಳ ಸುರಕ್ಷತಾ ತಪಾಸಣೆ ನಡೆಸಿ ಎಂದು ಕೇಂದ್ರದಿಂದ ಸೂಚನೆ ಹೋಯಿತು.

ಕನ್ನಡ ಶಾಲೆಗೆ ತಪಾಸಣೆ ಬಿಗಿಯಾದರೆ ಬೀಗವೇ ಗತಿ ಎನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆ ಭಯ ನಿಜ. ಕ್ಯಾಲಿಫೋರ್ನಿಯಾದಲ್ಲೂ 1933ಕ್ಕಿಂತ ಹಿಂದಿನ ಶಾಲೆಗಳ ಪ್ರಶ್ನೆ ಹೀಗೇ ಎದ್ದಿತ್ತು. 1939ರಲ್ಲಿ ಹಳೆಯ ಶಾಲೆಗಳಿಗೂ ಕಾಯ್ದೆ ಬಂತು, ಆದರೆ ಹಣವಿಲ್ಲದೆ ಕೆಲವು ಹಳೆಯ ಕಟ್ಟಡಗಳು 1970ರ ದಶಕದವರೆಗೂ ಹಾಗೇ ನಡೆದವು. ದುಡ್ಡು ಸಿಕ್ಕಮೇಲೆ ಕೆಲವನ್ನು ಬಲಪಡಿಸಿದರು, ಕೆಲವನ್ನು ಕೆಡವಿ ಕಟ್ಟಿದರು. ಇನ್‌ಸ್ಪೆಕ್ಟರ್ ದೋಷ ಬರೆದ ಕಾಗದವೇ ದುಡ್ಡು ಕೇಳಲು ಆಧಾರವಾಯಿತು. ನಮ್ಮಲ್ಲಿ "ಸರಿಯಿದೆ" ಎಂದಷ್ಟೇ ಬರೆದ ಕಾಗದ ಹಿಡಿದು ಯಾವ ಕಚೇರಿಗೆ ಹೋಗಿ ರಿಪೇರಿಯ ದುಡ್ಡು ಕೇಳುವುದು? ಇಂತಿಷ್ಟು ಪಕ್ಕಾಸು ಬದಲಿಸಬೇಕು, ಇಂಥ ಗೋಡೆಯ ಬುಡಕ್ಕೆ ನೀರು ನಿಲ್ಲುತ್ತದೆ ಎಂದು ಬರೆದುಕೊಟ್ಟರೆ ಅದನ್ನು ಹಿಡಿದು ಶಾಸಕರಲ್ಲಿಗೋ ಜಿಲ್ಲಾ ಪಂಚಾಯತಿಗೋ ಹಳೆ ವಿದ್ಯಾರ್ಥಿಗಳ ಸಂಘಕ್ಕೋ ಹೋಗಬಹುದು.

ಈ ಮೇ ತಿಂಗಳಲ್ಲಿ ರಕ್ಷಕ-ಶಿಕ್ಷಕ ಸಂಘದ ಸಭೆ ಕರೆದಾಗ ಇದನ್ನೊಂದು ವಿಷಯವಾಗಿ ಇಡಿ ಎಂದು ನಮ್ಮ ಗೆಳೆಯ ಹೆಡ್ಮಾಷ್ಟ್ರುಗಳಲ್ಲಿ ಕೇಳಿಕೊಂಡಿದ್ದೇವೆ. ಎಂಜಿನಿಯರು ಬರುವ ದಿನ ಏಣಿ ಸಿದ್ಧವಿರಲಿ, ನಾಲ್ಕು ಹೆಂಚು ತೆಗೆದು ತೋರಿಸಲು ಊರಿನ ಒಬ್ಬ ಆಚಾರಿ ಜೊತೆಗಿರಲಿ, ನೋಡಿದ್ದನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಿ, ಅದು ಮಲಯಾಳದಲ್ಲಿದ್ದರೆ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ. ಇಂಗ್ಲೆಂಡಿನಲ್ಲಿ ಈಗ ಇನ್‌ಸ್ಪೆಕ್ಟರರ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ತೆರೆದು, ತಮ್ಮ ಕಟ್ಟಡ ನೋಡಿದವರ ಹೆಸರು, ದರ್ಜೆ, ಯಾವ ಬಗೆಯ ಕಟ್ಟಡಕ್ಕೆ ಅರ್ಹರು ಎಂಬುದನ್ನು ನೋಡಬಹುದು. ನಮ್ಮ ಶಾಲೆಯ ಕಪಾಟಿನಲ್ಲಿರುವ ಹತ್ತು ವರ್ಷದ ಸರ್ಟಿಫಿಕೇಟುಗಳನ್ನು ತೆಗೆದು ನೋಡಿದೆವು. ತಾರೀಕು ಇದೆ, ಹುದ್ದೆ ಇದೆ, ದುಂಡು ಮೊಹರು ಇದೆ. ಏನೇನು ನೋಡಿದರು ಎಂದು ಬರೆಯಲು ಜಾಗವಿಲ್ಲ.